ಮಕ್ಕಳ ಎಕ್ಸಿಮಾ: ತೆಂಗಿನೆಣ್ಣೆ ಸರಿ, ಹೆಸರಿಲ್ಲದ ಡಬ್ಬಿ ಬೇಡ



ಹೃದಯದ ಡಾಕ್ಟರಿಗೆ ಚರ್ಮದ ಉಸಾಬರಿ ಯಾಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕಾರಣ ಇದೆ. ಮೊದಲು ಅದನ್ನೇ ಹೇಳುತ್ತೇನೆ.

ಪುಣೆಯ ನನ್ನ ಕ್ಲಿನಿಕ್ಕಿಗೆ ಕಲಬುರಗಿ ಕಡೆಯ ಹಿರಿಯರೊಬ್ಬರು ಬರುತ್ತಾರೆ. ಆಂಜಿಯೋಪ್ಲಾಸ್ಟಿ ಆದವರು, ಮೂರು ತಿಂಗಳಿಗೊಮ್ಮೆ ತಪ್ಪದೆ ತೋರಿಸಿಕೊಳ್ಳುತ್ತಾರೆ. ಒಂದು ಸಲ ಮೂರು ವರ್ಷದ ಮೊಮ್ಮಗಳನ್ನೂ ಕರೆತಂದಿದ್ದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೆಮ್ಮೆಯಿಂದ, “ನೋಡ್ರಿ ಡಾಕ್ಟರ್ ಸಾಹೇಬ್ರ, ನಮ್ಮ ಮೊಮ್ಮಗಳು ಎಷ್ಟ್ ಗುಂಡಗ ಆಗ್ಯಾಳ!” ಎಂದರು.

ಮಗುವಿನ ಕೆನ್ನೆ ಗುಂಡಗೆ ಇದ್ದದ್ದು ನಿಜ. ಆದರೆ ಮುಖ ಮಾತ್ರ ಊದಿತ್ತು, ಕೈಕಾಲು ತೆಳ್ಳಗಿದ್ದವು. ಮೊಣಕೈ ಮಡಿಕೆಯ ಚರ್ಮ ಕಾಗದದಂತೆ ತೆಳುವಾಗಿತ್ತು. ಮಕ್ಕಳ ಪಟ್ಟಿ ಕಟ್ಟಿ ಬಿ.ಪಿ. ನೋಡಿದೆ. ಆ ವಯಸ್ಸಿಗೆ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. “ಏನಾದರೂ ಔಷಧ ಕೊಡುತ್ತಿದ್ದೀರಾ?” ಎಂದು ಕೇಳಿದೆ. “ಔಷಧ ಏನೂ ಇಲ್ಲರೀ. ಮೈಮ್ಯಾಲೆ ಎಕ್ಸಿಮಾ ಇತ್ತು, ಅದಕ್ಕ ಗಿಡಮೂಲಿಕೆ ಮುಲಾಮು ಹಚ್ತೀವಿ. ಪೂರಾ ನ್ಯಾಚುರಲ್. ಎರಡು ದಿನದಾಗ ಕಡಿಮೆ ಆತು ನೋಡ್ರಿ. ಬಿಟ್ರ ಮತ್ತ ಬರ್ತದ, ಅದಕ್ಕ ಬಿಟ್ಟಿಲ್ಲ” ಎಂದರು. ಹಚ್ಚಲು ಶುರು ಮಾಡಿ ಎಂಟು ತಿಂಗಳಾಗಿತ್ತು. ಡಬ್ಬಿಯ ಮೇಲೆ ಒಂದು ಎಲೆಯ ಚಿತ್ರ ಬಿಟ್ಟರೆ ಬೇರೇನೂ ಬರೆದಿರಲಿಲ್ಲ.

ಮಗುವನ್ನು ಅಂದೇ ಮಕ್ಕಳ ತಜ್ಞರ ಬಳಿ ಕಳುಹಿಸಿದೆ. ದೇಹ ತಾನೇ ತಯಾರಿಸಿಕೊಳ್ಳಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತ ಪರೀಕ್ಷೆಯಲ್ಲಿ ತೀರಾ ಕಡಿಮೆ ಇತ್ತು. ಹೊರಗಿನಿಂದ ಬಲವಾದ ಸ್ಟೀರಾಯ್ಡ್ ಬಹಳ ದಿನ ಮೈಗೆ ಸೇರುತ್ತಿದ್ದರೆ ಒಳಗಿನ ಉತ್ಪಾದನೆ ನಿಂತುಹೋಗುತ್ತದೆ. ಹಾಗಾಗಿ ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ವೈದ್ಯರ ಕಣ್ಗಾವಲಿನಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು.

ಆ ಮನೆಯವರು ಅಜಾಗರೂಕರಲ್ಲ, ಮಗುವನ್ನು ಅಂಗೈಯಲ್ಲಿಟ್ಟು ಸಾಕುವವರು. “ನ್ಯಾಚುರಲ್ ಅಂದಮೇಲೆ ತೊಂದರೆ ಏನು?” ಎಂದು ನಂಬಿದರು, ಅಷ್ಟೆ. ನಮ್ಮಲ್ಲಿ ಬಹಳ ಮಂದಿ ಹಾಗೇ ನಂಬುತ್ತೇವೆ. ಆದ್ದರಿಂದ ಎಕ್ಸಿಮಾ ಇದ್ದ ಚರ್ಮಕ್ಕೆ ಯಾವ ನೈಸರ್ಗಿಕ ಪದಾರ್ಥ ಒಳ್ಳೆಯದು, ಯಾವುದು ಬೇಡ, ಹೇಗೆ ಹಚ್ಚಬೇಕು, ಎಲ್ಲಿಗೆ ನಿಲ್ಲಿಸಿ ಡಾಕ್ಟರ್ ಬಳಿ ಹೋಗಬೇಕು ಎಂಬುದನ್ನು ಈ ಸಲ ಬರೆಯುತ್ತಿದ್ದೇನೆ.

*ಎಕ್ಸಿಮಾ ಎಂದರೇನು?*

ಕನ್ನಡದಲ್ಲಿ ಇದಕ್ಕೆ ಇಸಬು ಎಂಬ ಹೆಸರಿದೆ. ನಮ್ಮ ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬಿನಂಶ ಗಾರೆ. ಎಕ್ಸಿಮಾ ಇರುವವರಲ್ಲಿ ಈ ಗೋಡೆ ಹುಟ್ಟಿನಿಂದಲೇ ಸ್ವಲ್ಪ ಸಡಿಲ. ಕೆಲವರಲ್ಲಿ ಫಿಲಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲೇ ಕೊರತೆ ಇರುತ್ತದೆ. ಸಂದಿಯಿಂದ ಒಳಗಿನ ನೀರು ಆರಿಹೋಗುತ್ತದೆ, ಹೊರಗಿನ ಸೋಪು, ಧೂಳು, ರೋಗಾಣು ಒಳಗೆ ನುಗ್ಗುತ್ತವೆ. ಚರ್ಮ ಕೆಂಪಾಗುತ್ತದೆ. ನಮ್ಮ ಬಣ್ಣದವರಲ್ಲಿ ಕೆಂಪಿಗಿಂತ ಕಪ್ಪು ಅಥವಾ ಬೂದು ಬಣ್ಣದ ಒರಟು ಕಲೆಯಾಗಿಯೇ ಹೆಚ್ಚು ಕಾಣುತ್ತದೆ. ತುರಿಕೆ ಬರುತ್ತದೆ, ತುರಿಸಿದರೆ ಗೋಡೆ ಇನ್ನಷ್ಟು ಒಡೆಯುತ್ತದೆ, ಮತ್ತೆ ತುರಿಕೆ.

ಕೂಸುಗಳಲ್ಲಿ ಸಾಮಾನ್ಯವಾಗಿ ಕೆನ್ನೆಯ ಮೇಲೆ ಶುರುವಾಗುತ್ತದೆ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಮೊಣಕೈ ಮಡಿಕೆ, ಮೊಣಕಾಲಿನ ಹಿಂಭಾಗ, ಕುತ್ತಿಗೆ. ಮನೆಯಲ್ಲಿ ಯಾರಿಗಾದರೂ ಆಸ್ತಮಾ, ಅಲರ್ಜಿ ಶೀತ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಇದು ಅಂಟುವ ರೋಗವಲ್ಲ. ರಕ್ತ ಕೆಟ್ಟು ಬಂದದ್ದೂ ಅಲ್ಲ. ‘ನಂಜು’ ಎಂದು ಹಾಲು, ಮೊಟ್ಟೆ, ಬದನೆಕಾಯಿ ಎಲ್ಲವನ್ನೂ ನೀವಾಗಿಯೇ ಬಿಡಿಸಬೇಡಿ. ಬೆಳೆಯುವ ಮಗು ಸೊರಗುತ್ತದೆ. ಯಾವುದೋ ಒಂದು ಆಹಾರದ ಮೇಲೆ ನಿಜವಾಗಿ ಅನುಮಾನವಿದ್ದರೆ ಡಾಕ್ಟರ್ ಜೊತೆ ಮಾತಾಡಿ ನಿರ್ಧರಿಸಿ.

ಇನ್ನೊಂದು ಮಾತು. ತುರಿಸುವುದೆಲ್ಲ ಎಕ್ಸಿಮಾ ಅಲ್ಲ. ಬಳೆಯಂತೆ ದುಂಡಗೆ ಹರಡಿ ಅಂಚು ಉಬ್ಬಿದ್ದರೆ ಅದು ಹುಳಕಡ್ಡಿ ಇರಬಹುದು. ರಾತ್ರಿ ಹೊತ್ತು ಮನೆಮಂದಿಯೆಲ್ಲ ತುರಿಸಿಕೊಳ್ಳುತ್ತಿದ್ದರೆ ಅದು ಕಜ್ಜಿ ಇರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ. ಮೊದಲ ಸಲ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ, ಇದು ಎಕ್ಸಿಮಾನೇ ಎಂದು ಖಚಿತ ಮಾಡಿಕೊಳ್ಳಿ.

*ಮಾಯಿಶ್ಚರೈಸರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ*

ಅದು ಗಾರೆಯ ಕೆಲಸ ಮಾಡುತ್ತದೆ. ಸಂದಿ ಮುಚ್ಚಿ ನೀರು ಹೊರಹೋಗದಂತೆ ತಡೆಯುತ್ತದೆ. 77 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಕಾಕ್ರೇನ್ ವರದಿಯ ಪ್ರಕಾರ ಮಾಯಿಶ್ಚರೈಸರ್ ಹಚ್ಚುವವರಲ್ಲಿ ಕಾಯಿಲೆ ಉಲ್ಬಣಿಸುವುದು ಕಡಿಮೆ, ಸ್ಟೀರಾಯ್ಡ್ ಮುಲಾಮಿನ ಅಗತ್ಯವೂ ಕಡಿಮೆ. ಒಂದು ಇನ್ನೊಂದಕ್ಕಿಂತ ಮೇಲು ಎನ್ನಲು ಮಾತ್ರ ಗಟ್ಟಿ ಪುರಾವೆ ಸಿಗಲಿಲ್ಲ. 2022ರಲ್ಲಿ ಬ್ರಿಟನ್ನಿನಲ್ಲಿ 550 ಮಕ್ಕಳ ಮೇಲೆ ಲೋಷನ್, ಕ್ರೀಮ್, ಜೆಲ್, ಮುಲಾಮು ನಾಲ್ಕನ್ನೂ ಹೋಲಿಸಿದಾಗಲೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇದರ ಅರ್ಥ, ದುಬಾರಿಯದ್ದೇ ಬೇಕೆಂದಿಲ್ಲ. ಉರಿಯದೆ ಇರುವ, ನಿಮ್ಮ ಮಗು ಬೇಡ ಎನ್ನದೆ ಹಚ್ಚಿಸಿಕೊಳ್ಳುವ, ನಿಮ್ಮ ಜೇಬಿಗೆ ದಿನಾ ಹೊಂದುವ ಯಾವುದಾದರೂ ಆದೀತು.

ಆದರೆ ಮಾಯಿಶ್ಚರೈಸರ್ ಎಕ್ಸಿಮಾವನ್ನು ಬುಡಸಮೇತ ಕೀಳುವುದಿಲ್ಲ. ಕಾಯಿಲೆ ಜೋರಾಗಿ ಕೆರಳಿದಾಗ ಅದೊಂದೇ ಸಾಲುವುದೂ ಇಲ್ಲ. ‘ಶಾಶ್ವತ ಪರಿಹಾರ’ ಎಂದು ಯಾರಾದರೂ ಮಾರಿದರೆ ಅಲ್ಲೇ ಅನುಮಾನ ಪಡಿ.

*ಅಡುಗೆಮನೆಯಲ್ಲಿ ಇರುವುದರಲ್ಲಿ ಯಾವುದು ಆದೀತು?*

ತೆಂಗಿನೆಣ್ಣೆ: ಧೈರ್ಯವಾಗಿ ಬಳಸಬಹುದು. ಇದರ ಕೊಬ್ಬಿನಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಎಕ್ಸಿಮಾ ಚರ್ಮದ ಮೇಲೆ ಬೀಡುಬಿಡುವ ಸ್ಟೆಫಿಲೋಕಾಕಸ್ ಎಂಬ ರೋಗಾಣುವನ್ನು ಇದು ಸ್ವಲ್ಪ ಹತೋಟಿಯಲ್ಲಿಡುತ್ತದೆ. ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಿನರಲ್ ಆಯಿಲ್‌ಗಿಂತ ವರ್ಜಿನ್ ತೆಂಗಿನೆಣ್ಣೆಯೇ ಹೆಚ್ಚು ಫಲ ಕೊಟ್ಟಿತು. ಅಲ್ಲಿ ಬಳಸಿದ್ದು ಸಾಧಾರಣ ಎಕ್ಸಿಮಾ ಇದ್ದ ಮಕ್ಕಳಲ್ಲಿ ಎಂಬುದು ನೆನಪಿರಲಿ. ಊರಿಂದ ಗಾಣದ ಎಣ್ಣೆ ತರುವವರು ಪರಿಮಳ, ಬಣ್ಣ, ಬೇರು ನಾರು ಏನೂ ಹಾಕದ ಶುದ್ಧ ಎಣ್ಣೆ ತನ್ನಿ. ಮಲ್ಲಿಗೆ ಪರಿಮಳದ ತಲೆಗೂದಲಿನ ಎಣ್ಣೆ ಬೇಡ.

ಸೂರ್ಯಕಾಂತಿ ಎಣ್ಣೆ: ಇದೂ ಆದೀತು. ಇದರಲ್ಲಿರುವ ಲಿನೋಲಿಕ್ ಆಮ್ಲ ಚರ್ಮದ ಗೋಡೆಗೆ ಬೇಕಾದ ಸಾಮಗ್ರಿ. ಬಾಂಗ್ಲಾದೇಶದಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಇದನ್ನು ಹಚ್ಚಿದಾಗ ಸೋಂಕು ಕಡಿಮೆಯಾಯಿತು ಎಂದು 2005ರಲ್ಲಿ ವರದಿಯಾಗಿದೆ.

ಆಲಿವ್ ಎಣ್ಣೆ: ಬೇಡ. ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ಮಗಳಿಗೆ ಆರು ತಿಂಗಳಿದ್ದಾಗ ಕೆನ್ನೆಯ ಮೇಲೆ ಎಕ್ಸಿಮಾ ಬಂತು. ಅಮ್ಮ ಊರಿಂದ ಫೋನ್ ಮಾಡಿ, “ಕೊಬ್ಬರಿ ಎಣ್ಣೆ ಹಚ್ಚೋ ಸಾಕು” ಎಂದರು. ಎಂ.ಡಿ. ಓದಿದ ನಾನು ಕೇಳಲಿಲ್ಲ. ಬೆಲೆ ಜಾಸ್ತಿ, ಹಾಗಾದರೆ ಒಳ್ಳೆಯದೇ ಇರಬೇಕು ಎಂದು ಆಲಿವ್ ಎಣ್ಣೆ ತಂದು ಹಚ್ಚಿದೆ. ಕೆನ್ನೆ ಇನ್ನಷ್ಟು ಒರಟಾಯಿತು. ಆಲಿವ್ ಎಣ್ಣೆಯಲ್ಲಿ ಹೆಚ್ಚಾಗಿರುವ ಓಲಿಯಿಕ್ ಆಮ್ಲ ಚರ್ಮದ ಗಾರೆಯನ್ನು ಸಡಿಲ ಮಾಡುತ್ತದೆ ಎಂದು 2013ರ ಬ್ರಿಟಿಷ್ ಅಧ್ಯಯನವೊಂದು ತೋರಿಸಿದೆ. ಅದನ್ನು ನಾನು ಓದಿದ್ದು ಮಗಳ ಕೆನ್ನೆ ನೋಡಿದ ಮೇಲೆ. ಈ ವಿಷಯದಲ್ಲಿ ಅಮ್ಮನೇ ಗೆದ್ದರು.

ಸಾಸಿವೆ ಎಣ್ಣೆ: ಬೇಡ. ದೆಹಲಿಯಲ್ಲಿರುವವರಿಗೆ ಪಕ್ಕದ ಮನೆಯವರು, ಮಾಲೀಶ್ ಮಾಡಲು ಬರುವವರು ಎಲ್ಲರೂ ಇದನ್ನೇ ಹೇಳುತ್ತಾರೆ. ಅವರ ಪ್ರೀತಿಗೆ ಕೈಮುಗಿಯಿರಿ, ಎಣ್ಣೆ ಮಾತ್ರ ಅಡುಗೆಗೆ ಇಟ್ಟುಕೊಳ್ಳಿ. ಇದು ಚರ್ಮವನ್ನು ಕೆರಳಿಸುತ್ತದೆ.

ಕಡಲೆಕಾಯಿ, ಬಾದಾಮಿ ಎಣ್ಣೆ, ಕಡಲೆಹಿಟ್ಟು, ಹಾಲಿನ ಕೆನೆ: ಎಕ್ಸಿಮಾ ಇರುವ ಮಗುವಿಗೆ ಬೇಡ. ಬಾಯಿಂದ ಹೊಟ್ಟೆಗೆ ಹೋಗುವ ಆಹಾರವನ್ನು ದೇಹ ತನ್ನದೆಂದು ಒಪ್ಪಿಕೊಳ್ಳುವುದು ಕಲಿಯುತ್ತದೆ. ಅದೇ ಆಹಾರ ಒಡೆದ ಚರ್ಮದ ಮೂಲಕ ಒಳಗೆ ಹೋದರೆ ಶತ್ರು ಎಂದು ಗುರುತಿಟ್ಟುಕೊಳ್ಳಬಹುದು. ಕಡಲೆಕಾಯಿ ಎಣ್ಣೆ ಇದ್ದ ಕ್ರೀಮುಗಳಿಗೂ ಮಕ್ಕಳ ಕಡಲೆಕಾಯಿ ಅಲರ್ಜಿಗೂ ನಂಟಿದೆ ಎಂದು 2003ರಲ್ಲೇ ಬ್ರಿಟನ್ನಿನ ವೈದ್ಯರು ಕಂಡುಕೊಂಡರು. ಜಪಾನಿನಲ್ಲಿ ಗೋಧಿಯ ಪ್ರೋಟೀನ್ ಸೇರಿಸಿದ ಸೋಪಿನಿಂದ ಮುಖ ತೊಳೆದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿಂದರೆ ಆಗದಂತಾಯಿತು.

ಓಟ್ಸ್: ನುಣ್ಣಗೆ ಪುಡಿಮಾಡಿದ ಓಟ್ಸ್ ಸೇರಿಸಿದ ಕ್ರೀಮುಗಳು ತುರಿಕೆ ಶಮನ ಮಾಡುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಚರ್ಮರಕ್ಷಕ ಎಂದು 2003ರಲ್ಲಿ ಒಪ್ಪಿದೆ. ಇದೂ ಧಾನ್ಯವೇ ಆದ್ದರಿಂದ ಹಚ್ಚಿದ ಮೇಲೆ ಚರ್ಮ ಕೆಂಪಾದರೆ ನಿಲ್ಲಿಸಿ.

ಅರಿಶಿನ, ಬೇವು, ಲೋಳೆಸರ: ಇವುಗಳಲ್ಲಿ ಒಳ್ಳೆಯ ಗುಣಗಳಿವೆ, ಇಲ್ಲ ಎನ್ನುವುದಿಲ್ಲ. ಆದರೆ ಒಡೆದ ಚರ್ಮದ ಮೇಲೆ ಹಸಿಯಾಗಿ ಅರೆದು ಹಚ್ಚಿದರೆ ಉರಿಯಬಹುದು. ಕೆಲವರಿಗೆ ಅರಿಶಿನವೇ ಅಲರ್ಜಿ. ನಿಂಬೆರಸ, ಬೆಳ್ಳುಳ್ಳಿ ರಸ ಹಚ್ಚಲೇಬೇಡಿ. ಸುಟ್ಟ ಗಾಯಗಳಾಗುತ್ತವೆ. ಲ್ಯಾವೆಂಡರ್, ಟೀ ಟ್ರೀ ಮುಂತಾದ ಪರಿಮಳ ತೈಲಗಳೂ ನೈಸರ್ಗಿಕವೇ, ಆದರೆ ಅಲರ್ಜಿ ತರುವುದರಲ್ಲಿ ಮುಂದು.

ಪೆಟ್ರೋಲಿಯಂ ಜೆಲ್ಲಿ: ಇದು ನ್ಯಾಚುರಲ್ ಪಟ್ಟಿಗೆ ಸೇರುವುದಿಲ್ಲ. ಆದರೂ ಪರಿಮಳವಿಲ್ಲದ ಬಿಳಿ ಜೆಲ್ಲಿ ಅಗ್ಗ, ಅಲರ್ಜಿ ತೀರಾ ಅಪರೂಪ, ನೀರು ತಡೆಯುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ಹೆಸರು ನೋಡಿ ದೂರ ಮಾಡಬೇಡಿ.

ಹೊಸದು ಯಾವುದೇ ತಂದರೂ ಮೊದಲು ಮುಂಗೈಯ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು ಬಾರದಿದ್ದರೆ ಮೈಗೆಲ್ಲ ಹಚ್ಚಿ.

*ಎಣ್ಣೆ ಸ್ನಾನದ ಮೊದಲಲ್ಲ, ನಂತರ*

ನಮ್ಮ ಪದ್ಧತಿ ಏನು? ಮೈಗೆಲ್ಲ ಎಣ್ಣೆ ಹಚ್ಚಿ, ಹಂಡೆಯ ಬಿಸಿಬಿಸಿ ನೀರು ಹುಯ್ದು, ಸೀಗೆಪುಡಿಯಲ್ಲೋ ಕಡಲೆಹಿಟ್ಟಿನಲ್ಲೋ ತಿಕ್ಕಿ ತಿಕ್ಕಿ ಎಣ್ಣೆ ತೆಗೆಯುವುದು. ಗಟ್ಟಿ ಚರ್ಮದವರಿಗೆ ಅದು ಹಬ್ಬ. ಎಕ್ಸಿಮಾ ಇರುವ ಮಗುವಿಗೆ ಮಾತ್ರ ಅದು ಶಿಕ್ಷೆ. ಹಚ್ಚಿದ ಎಣ್ಣೆಯ ಜೊತೆ ಚರ್ಮದ ಸ್ವಂತ ಎಣ್ಣೆಯೂ ಹೋಗುತ್ತದೆ. ದೀಪಾವಳಿಯ ಮರುದಿನ ಮಗು ಮೈ ಕೆರೆದುಕೊಂಡು ಅಳುವುದು ಇದಕ್ಕೇ. ಕ್ರಮವನ್ನು ತಿರುಗಿಸಿ:

1. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಅಷ್ಟೆ.
2. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಅದೂ ಪರಿಮಳವಿಲ್ಲದ ಮೃದುವಾದದ್ದು. ನಾರು, ಬ್ರಷ್ ಬೇಡ.
3. ಟವೆಲಿನಿಂದ ಉಜ್ಜಬೇಡಿ, ಒತ್ತಿ ಒರೆಸಿ. ಮೈ ಸ್ವಲ್ಪ ಒದ್ದೆ ಇರಲಿ.
4. ಮೂರು ನಿಮಿಷದೊಳಗೆ ಎಣ್ಣೆ ಅಥವಾ ಕ್ರೀಮ್ ಹಚ್ಚಿ. ಎಣ್ಣೆಯಲ್ಲಿ ನೀರಿನಂಶ ಇಲ್ಲ, ಅದು ಇರುವ ನೀರನ್ನು ಹಿಡಿದಿಡುತ್ತದೆ ಅಷ್ಟೆ. ಒಣ ಮೈಗೆ ಹಚ್ಚಿದರೆ ಅರ್ಧ ಪ್ರಯೋಜನ.
5. ಕೂದಲು ಬೆಳೆಯುವ ದಿಕ್ಕಿನಲ್ಲಿ, ಮೇಲಿಂದ ಕೆಳಕ್ಕೆ ಸವರಿ. ಮಸಾಜ್ ಮಾಡಿ ತಿಕ್ಕಬೇಡಿ.
6. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ. ಕಡಿಮೆಯಾದ ಮೇಲೂ ಬಿಡಬೇಡಿ.

ಎಷ್ಟು ಹಚ್ಚಬೇಕು? ನಾವೆಲ್ಲ ಜಿಪುಣತನ ಮಾಡುವುದು ಇಲ್ಲೇ. ಮೈತುಂಬ ಎಕ್ಸಿಮಾ ಇರುವ ಮಗುವಿಗೆ ವಾರಕ್ಕೆ 250 ಗ್ರಾಂ ಬೇಕಾಗುತ್ತದೆ. ಚಿಕ್ಕ ಟ್ಯೂಬ್ ತಂದು ತಿಂಗಳು ಓಡಿಸಿದರೆ ಫಲ ಸಿಗದು. ದುಬಾರಿ ಕ್ರೀಮನ್ನು ಚೂರೇ ಚೂರು ಹಚ್ಚುವುದಕ್ಕಿಂತ ತೆಂಗಿನೆಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಧಾರಾಳವಾಗಿ ಹಚ್ಚುವುದು ಮೇಲು. ಡಬ್ಬಿಗೆ ಕೈ ಹಾಕಬೇಡಿ, ಶುಭ್ರವಾದ ಚಮಚದಿಂದ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ಎಣ್ಣೆ, ಜೆಲ್ಲಿ ಹೀರಿಕೊಂಡ ಬಟ್ಟೆಗೆ ಬೆಂಕಿ ಬೇಗ ಹಿಡಿಯುತ್ತದೆ. ಒಲೆ, ದೀಪ, ಪಟಾಕಿಯ ಹತ್ತಿರ ಮಗುವನ್ನು ಬಿಡಬೇಡಿ.

*ನಿಮ್ಮ ಊರಿಗೆ ತಕ್ಕಂತೆ*

ಮುಂಬೈ, ಚೆನ್ನೈ: ಇಲ್ಲಿ ಶತ್ರು ಬೆವರು. ಸೆಕೆಗಾಲದಲ್ಲಿ ಹಗಲು ತೆಳುವಾದ ಲೋಷನ್, ರಾತ್ರಿ ಮಾತ್ರ ಎಣ್ಣೆ. ಆಟವಾಡಿ ಬಂದ ಕೂಡಲೇ ಒದ್ದೆ ಬಟ್ಟೆಯಿಂದ ಬೆವರು ಒರೆಸಿ. ಹತ್ತಿಯ ಸಡಿಲ ಬಟ್ಟೆ ಹಾಕಿ.

ಹೈದರಾಬಾದ್: ಬೋರ್‌ವೆಲ್ಲಿನ ಗಡಸು ನೀರು ಬರುವ ಮನೆಗಳಲ್ಲಿ ಸೋಪಿನ ಅಂಶ ಚರ್ಮದ ಮೇಲೆ ಉಳಿದುಬಿಡುತ್ತದೆ. ಸೋಪು ಕಡಿಮೆ ಮಾಡಿ, ಬಟ್ಟೆಯನ್ನು ಇನ್ನೊಂದು ಸಲ ಜಾಲಿಸಿ.

ದೆಹಲಿ, ಪುಣೆ: ಚಳಿಗಾಲದ ಒಣಗಾಳಿಯಲ್ಲಿ ಗಟ್ಟಿಯಾದ ಮುಲಾಮು ಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕೆಟ್ಟಿತೆಂದು ಎಸೆಯಬೇಡಿ, ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ. ರೂಮ್ ಹೀಟರ್ ಪಕ್ಕದಲ್ಲಿ ಮಗುವನ್ನು ಮಲಗಿಸಬೇಡಿ. ಉಣ್ಣೆಯ ಸ್ವೆಟರಿನ ಒಳಗೆ ಹತ್ತಿಯ ಅಂಗಿ ಇರಲಿ.

*ಸ್ಟೀರಾಯ್ಡ್ ಮುಲಾಮು ವಿಷವೇ?*

ಅಲ್ಲ. ಕಲಬುರಗಿಯ ಮಗುವಿನ ಕಥೆ ಓದಿ ನೀವು ಹೆದರಿ, ಡಾಕ್ಟರ್ ಬರೆದುಕೊಟ್ಟ ಮುಲಾಮನ್ನೂ ಕಸದ ಬುಟ್ಟಿಗೆ ಹಾಕಿದರೆ ಅದು ಇನ್ನೊಂದು ತಪ್ಪು. ಎಕ್ಸಿಮಾ ಕೆರಳಿದಾಗ ವಯಸ್ಸಿಗೆ, ಜಾಗಕ್ಕೆ ತಕ್ಕ ಸ್ಟೀರಾಯ್ಡ್ ಅನ್ನು ಹೇಳಿದಷ್ಟು ದಿನ ಹಚ್ಚುವುದೇ ಸರಿಯಾದ ಚಿಕಿತ್ಸೆ. ಅಳತೆ ಸುಲಭ. ದೊಡ್ಡವರ ತೋರುಬೆರಳ ತುದಿಯ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಸ್ಟೀರಾಯ್ಡ್‌ಗೂ ಮಾಯಿಶ್ಚರೈಸರ್‌ಗೂ ನಡುವೆ ಅರ್ಧ ಗಂಟೆ ಬಿಡಿ. ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್‌ನಂಥ ಮುಲಾಮುಗಳೂ ಇವೆ. ಮುಖಕ್ಕೆ, ಬಹಳ ದಿನಕ್ಕೆ ಬೇಕಾದಾಗ ವೈದ್ಯರು ಅವನ್ನು ಕೊಡಬಹುದು.

ಅಪಾಯ ಇರುವುದು ಗೊತ್ತಿಲ್ಲದೆ ಹಚ್ಚುವ ಸ್ಟೀರಾಯ್ಡ್‌ನಲ್ಲಿ. ಲಂಡನ್ನಿನಲ್ಲಿ ಎಕ್ಸಿಮಾ ರೋಗಿಗಳು ಬಳಸುತ್ತಿದ್ದ 11 ಚೀನೀ ಗಿಡಮೂಲಿಕೆ ಕ್ರೀಮುಗಳನ್ನು ವೈದ್ಯರು ಪರೀಕ್ಷಿಸಿದಾಗ 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇತ್ತು. 1999ರ ಮಾತಿದು. ಹೀಗಾಗಿ ಈ ನಾಲ್ಕನ್ನು ನೆನಪಿಡಿ:

- ತಯಾರಕರ ಹೆಸರು, ಪದಾರ್ಥಗಳ ಪಟ್ಟಿ, ತಾರೀಖು ಇಲ್ಲದ ಡಬ್ಬಿ ಬೇಡ, ಯಾರೇ ಕೊಟ್ಟಿರಲಿ.
- ‘ಗಿಡಮೂಲಿಕೆ’ ಕ್ರೀಮ್ ಎರಡೇ ದಿನದಲ್ಲಿ ಪವಾಡ ಮಾಡಿ, ಬಿಟ್ಟ ಕೂಡಲೇ ಕಾಯಿಲೆ ದುಪ್ಪಟ್ಟಾಗಿ ಬಂದರೆ ಒಳಗೆ ಸ್ಟೀರಾಯ್ಡ್ ಇರಬಹುದು.
- ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಚೀಟಿ ಇಲ್ಲದೆ ಬಳಸಬೇಡಿ. ಹುಳಕಡ್ಡಿಗೆ ಇದನ್ನು ಹಚ್ಚಿದರೆ ಅದು ಮೈತುಂಬ ಹರಡುತ್ತದೆ.
- ಬಹಳ ತಿಂಗಳು ಹಚ್ಚಿದ್ದೀರಾ? ಒಮ್ಮೆಲೇ ನಿಲ್ಲಿಸಬೇಡಿ. ಡಬ್ಬಿಯ ಸಮೇತ ಡಾಕ್ಟರ್ ಬಳಿ ಹೋಗಿ. ಮುಜುಗರ ಬೇಡ, ಬೈಸಿಕೊಂಡರೂ ಚಿಂತೆಯಿಲ್ಲ.

*ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?*

ಕೀವು, ಜೇನುಬಣ್ಣದ ಹಕ್ಕಳೆ, ನೋವು, ಜ್ವರ ಇದ್ದರೆ ಅಂದೇ ತೋರಿಸಿ. ಎಕ್ಸಿಮಾ ಜಾಗದಲ್ಲಿ ಒಂದೇ ಗಾತ್ರದ ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ಚಿಕ್ಕ ತೂತುಗಳಂತಾಗಿ, ಮಗು ಸುಸ್ತಾದರೆ ಅದು ಹರ್ಪಿಸ್ ವೈರಸ್ ಸೋಂಕು ಇರಬಹುದು. ಅದು ತುರ್ತು. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದಿರುವವರು ಎಕ್ಸಿಮಾ ಮಗುವಿಗೆ ಮುತ್ತು ಕೊಡಬಾರದು, ಅಜ್ಜ ಅಜ್ಜಿಯಾದರೂ ಸರಿ. ತುರಿಕೆಯಿಂದ ಮಗು ರಾತ್ರಿಯೆಲ್ಲ ನಿದ್ದೆ ಮಾಡದಿದ್ದರೂ ‘ಚರ್ಮದ್ದು ತಾನೇ’ ಎನ್ನಬೇಡಿ. ನಿದ್ದೆ ಹೋದರೆ ಮಗುವಿನ ಕಲಿಕೆ, ಮನೆಯವರ ನೆಮ್ಮದಿ ಎಲ್ಲವೂ ಹೋಗುತ್ತದೆ.

*ಮನೆಯ ಹಿರಿಯರಿಗೊಂದು ಮಾತು*

ಇದು ನನ್ನ ಸ್ವಂತ ಕ್ಷೇತ್ರ. ಅಪ್ಪ ಅಮ್ಮನ ಕಣಕಾಲಿನ ಸುತ್ತ ಚರ್ಮ ಕಂದು ಬಣ್ಣಕ್ಕೆ ತಿರುಗಿ, ತುರಿಸಿ, ನೀರು ಜಿನುಗುತ್ತಿದೆಯೇ? ಅದು ಮಕ್ಕಳ ಎಕ್ಸಿಮಾ ಅಲ್ಲ. ಕಾಲಿನ ರಕ್ತನಾಳಗಳಲ್ಲಿ ರಕ್ತ ಮೇಲೇರದೆ ನಿಂತು ಬರುವ ಎಕ್ಸಿಮಾ. ಉಬ್ಬಿದ ನರಗಳು, ಹೃದಯದ ದುರ್ಬಲತೆ ಇದರ ಹಿಂದೆ ಇರಬಹುದು. ಆಮ್ಲೋಡಿಪಿನ್‌ನಂಥ ಬಿ.ಪಿ. ಮಾತ್ರೆಯಿಂದಲೂ ಕಾಲು ಊದುತ್ತದೆ. ಎಣ್ಣೆ ಹಚ್ಚಿ, ತಪ್ಪಿಲ್ಲ. ಆದರೆ ಕಾಲು ಊತಕ್ಕೆ ಕಾರಣ ಹುಡುಕದೆ ಬರೀ ಮುಲಾಮು ಬದಲಿಸುತ್ತಾ ಕೂರಬೇಡಿ. ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಆ ಪುಟ್ಟ ಹುಡುಗಿ ಈಗ ಹೇಗಿದ್ದಾಳೆ ಎಂದು ಕೇಳುತ್ತೀರಿ. ಚೆನ್ನಾಗಿದ್ದಾಳೆ. ಬಿ.ಪಿ. ಸರಿಹೋಯಿತು, ಮುಖದ ಊತ ಇಳಿಯಿತು. ಎಕ್ಸಿಮಾ ಪೂರ್ತಿ ಹೋಗಿಲ್ಲ, ಚಳಿಗಾಲದಲ್ಲಿ ಇಣುಕುತ್ತದೆ. ಸ್ನಾನವಾದ ಕೂಡಲೇ ಅಜ್ಜನೇ ಮೈಗೆ ತೆಂಗಿನೆಣ್ಣೆ ಸವರುತ್ತಾರೆ. ಕೆರಳಿದಾಗ ಡಾಕ್ಟರ್ ಹೇಳಿದ ಮುಲಾಮು, ಹೇಳಿದಷ್ಟೇ ದಿನ. ಹೋದ ಸಲ ಬಂದಾಗ ಅಜ್ಜ ನಗುತ್ತಾ ಹೇಳಿದರು: “ಈಗ ಸಣ್ಣಗ ಆಗ್ಯಾಳರೀ ಸಾಹೇಬ್ರ, ಆದ್ರ ರಾತ್ರಿ ಚೊಲೋ ಮಲಗ್ತಾಳ.”

ನಿಮ್ಮ ಮನೆಯಲ್ಲಿ ಹೆಸರಿಲ್ಲದ ಡಬ್ಬಿ ಇದ್ದರೆ ಇವತ್ತೇ ತೆಗೆದು ನೋಡಿ. ಚಿಕ್ಕ ಮಕ್ಕಳಿರುವ ನಿಮ್ಮ ಬಂಧುಗಳಿಗೂ ಇದನ್ನು ಕಳುಹಿಸಿ.

ಮುಂದಿನ ವಾರ ಮತ್ತೆ ಸಿಗೋಣ. ಆರೋಗ್ಯವಾಗಿರಿ.